ಫಿಯಟ್ಟಿನ ಕ್ಯಾಮು, ಚಾರ್ಮಾಡಿಯ ದಾರಿ

ಎಂಬತ್ತರ ದಶಕದಲ್ಲಿ ಚಾರ್ಮಾಡಿ ಘಾಟಿಯ ಮೇಲಿನ ಬಣಕಲ್, ಕೊಟ್ಟಿಗೆಹಾರ, ಬಾಳೂರು ಕಡೆಯ ಅನುಕೂಲಸ್ಥರ ತೋಟದ ಶೆಡ್ಡಿನಲ್ಲಿ ಸಾಮಾನ್ಯವಾಗಿ ಎರಡು ಗಾಡಿ ಇರುತ್ತಿದ್ದವು. ಕೆಲಸಕ್ಕೆ ಜೀಪು, ಮದುವೆಮನೆಗೆ ಫಿಯಟ್. ಗಾಡಿಯ ಹುಚ್ಚು ಹತ್ತಿದ ಹುಡುಗರು ಕೈ ಹಾಕುತ್ತಿದ್ದುದು ಫಿಯಟ್ಟಿಗೆ. 1964ರಲ್ಲಿ 1100 ಡಿಲೈಟ್ ಎಂದು ಬಂದದ್ದು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ನಮ್ಮೂರಲ್ಲಿ ಕೊನೆತನಕ ಅದು ಫಿಯಟ್ಟೇ.

ಅದರ ಎಂಜಿನ್ನಿಗೊಂದು ಒಳ್ಳೆಯ ವಂಶಾವಳಿಯಿದೆ. 68 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, 1089 ಸಿಸಿ. ಇದೇ ಅಳತೆಯ ಎಂಜಿನ್ನನ್ನು ಫಿಯಟ್ ಕಂಪನಿ 1937ರಲ್ಲೇ ಇಟಲಿಯಲ್ಲಿ ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಸಿಸಿಟಾಲಿಯಾ ಎಂಬ ಪುಟ್ಟ ಕಂಪನಿ ಅದನ್ನೇ ತಿದ್ದಿ ತೀಡಿ 202 ಎಂಬ ಸ್ಪೋರ್ಟ್ಸ್ ಕಾರು ಕಟ್ಟಿತು. ಅಂಥ ಕಾರೊಂದು ಇವತ್ತು ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿದೆ. ಮದ್ರಾಸಿನ ಹತ್ತಿರದ ಶೋಳಾವರಂನಲ್ಲಿ, ಯುದ್ಧಕಾಲದ ವಿಮಾನ ರನ್‌ವೇ ಮೇಲೆ ಓಡುತ್ತಿದ್ದ ರೇಸು ಗಾಡಿಗಳಲ್ಲೂ ಫಿಯಟ್ ಎಂಜಿನ್ನಿನವು ಇದ್ದವು. ಹಾಗಾಗಿ ನಲವತ್ತು ಅಶ್ವಶಕ್ತಿಯ ನಮ್ಮ ಮನೆಗಾಡಿಯ ಒಳಗೆ ಇನ್ನೊಂದು ಗಾಡಿ ಅಡಗಿದೆ, ಅದನ್ನು ಹೊರಗೆ ತರಲು ಬೇಕಾದದ್ದು ಒಂದು ‘ರೇಸಿಂಗ್ ಕ್ಯಾಮು’ ಎಂದು ಆಗಿನ ಹುಡುಗರೆಲ್ಲ ನಂಬಿದ್ದರು. ನಾನೂ ಆ ಗುಂಪಿನಲ್ಲೇ ಬೆಳೆದವನು.

ಕ್ಯಾಮ್‌ಶಾಫ್ಟ್ ಎಂದರೆ ಉಬ್ಬುಗಳಿರುವ ಒಂದು ಕಬ್ಬಿಣದ ದಂಡ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಫಿಯಟ್ಟಿನಲ್ಲಿ ಇದು ಬ್ಲಾಕಿನ ಪಕ್ಕದಲ್ಲಿ ಕೂತಿರುತ್ತದೆ. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ಟು ಪುಶ್‌ರಾಡನ್ನು, ಪುಶ್‌ರಾಡು ರಾಕರನ್ನು. ರಾಕರು ವಾಲ್ವನ್ನು ಒತ್ತಿ ತೆರೆಯುತ್ತದೆ. ಉಬ್ಬಿನ ಎತ್ತರದಿಂದ ವಾಲ್ವು ಎಷ್ಟು ತೆರೆಯಬೇಕೆಂಬುದು, ಅಗಲದಿಂದ ಎಷ್ಟು ಹೊತ್ತು ತೆರೆದಿರಬೇಕೆಂಬುದು ನಿರ್ಧಾರವಾಗುತ್ತದೆ. ಎಂಜಿನ್ನಿನ ಸ್ವಭಾವ ಬಹುಪಾಲು ಇಲ್ಲೇ ತೀರ್ಮಾನವಾಗಿಬಿಡುತ್ತದೆ. ಕಾರ್ಬುರೇಟರು, ಸೈಲೆನ್ಸರುಗಳ ಮಾತು ಆಮೇಲಿನದು.

ಹೊರದೇಶದಿಂದ ಕ್ಯಾಮು ತರಿಸುವುದು ಲೈಸೆನ್ಸಿನ ಆ ಕಾಲದಲ್ಲಿ ಆಗುವ ಮಾತಾಗಿರಲಿಲ್ಲ. ಇದ್ದ ದಾರಿ ಒಂದೇ: ಕಂಪನಿ ಕ್ಯಾಮನ್ನು ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದು, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಗ್ರೈಂಡಿಂಗ್ ಮಾಡುವವರ ಕೈಗೆ ಕೊಡುವುದು. ತೇಯ್ದು ಉಬ್ಬಿಗೆ ಲೋಹ ಸೇರಿಸಲು ಬರುವುದಿಲ್ಲವಾದ್ದರಿಂದ ಅವರು ಉಬ್ಬಿಲ್ಲದ ದುಂಡು ಭಾಗವನ್ನೇ ತೇಯ್ದು ಸಣ್ಣದು ಮಾಡುತ್ತಿದ್ದರು. ದುಂಡು ತಗ್ಗಿದಷ್ಟೂ ಉಬ್ಬು ಎತ್ತರವಾಗುತ್ತದೆ. ಯಾವ ಆಕಾರಕ್ಕೆ ತೇಯುತ್ತಾರೆ, ಎಷ್ಟು ಡಿಗ್ರಿ ಎಂದು ಕೇಳಿದರೆ ಬರುತ್ತಿದ್ದ ಉತ್ತರ: ‘ಫುಲ್ ರೇಸ್’ ಅಥವಾ ‘ತ್ರೀ ಫೋರ್ತ್ ರೇಸ್’. ಆ ಮಾತಿಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥ. ಕಾಗದದ ಮೇಲೆ ಒಂದು ಅಂಕಿಯನ್ನೂ ಬರೆದು ಕೊಡುತ್ತಿರಲಿಲ್ಲ.

ಆ ಕಾಲವನ್ನು ಈಗ ಹೊಗಳುವವರು ಬಹಳ. ಕಿವಿಯಿಂದಲೇ ಟ್ಯೂನ್ ಮಾಡುತ್ತಿದ್ದರು, ಅಂಥ ಕೈ ಈಗಿಲ್ಲ ಎನ್ನುತ್ತಾರೆ. ಕೈ ಇತ್ತು, ನಿಜ. ಫೀಲರ್ ಗೇಜಿಲ್ಲದೆ ಟ್ಯಾಪೆಟ್ ಸದ್ದು ಕೇಳಿಯೇ ಸಂದು ಸರಿಮಾಡುವ ಮೇಸ್ತ್ರಿಗಳನ್ನು ನಾನೇ ನೋಡಿದ್ದೇನೆ. ಆದರೆ ಕ್ಯಾಮಿನ ವಿಷಯದಲ್ಲಿ ಕಿವಿ ಸಾಲುತ್ತಿರಲಿಲ್ಲ. ತೇಯ್ದ ಕ್ಯಾಮಿನ ಉಬ್ಬಿನ ನೆತ್ತಿ ನಾಲ್ಕೈದು ಡಿಗ್ರಿ ಅತ್ತಿತ್ತ ಸರಿದು ಬಂದಿದ್ದರೂ ತಿಳಿಯುವ ಉಪಾಯವಿರಲಿಲ್ಲ. ಸ್ಪ್ರಾಕೆಟ್ಟಿನ ಗುರುತಿಗೆ ಗುರುತು ಕೂಡಿಸಿ ಟೈಮಿಂಗ್ ಚೈನು ಹಾಕಿ ಮುಚ್ಚಿಬಿಡುತ್ತಿದ್ದರು. ಗಾಡಿ ಚೆನ್ನಾಗಿ ಓಡಿದರೆ ಗ್ರೈಂಡಿಂಗಿನವರ ಕೈಗುಣ, ಓಡದಿದ್ದರೆ ಕಾರ್ಬುರೇಟರಿನ ದೋಷ.

ಇನ್ನೊಂದು ನಷ್ಟ ಬ್ಲಾಕಿನೊಳಗೆ ಕಾಣಿಸದೆ ನಡೆಯುತ್ತಿತ್ತು. ಎರಕದ ಕ್ಯಾಮಿನ ಗಟ್ಟಿತನ ಮೇಲಿನ ಪದರದಲ್ಲಷ್ಟೇ. ಅತಿಯಾಗಿ ತೇಯ್ದರೆ ಒಳಗಿನ ಮೆದು ಲೋಹ ಹೊರಬೀಳುತ್ತದೆ. ಅಂಥ ಒಂದು ಕ್ಯಾಮನ್ನು ಬಿಚ್ಚಿದಾಗ ಕೈಯಲ್ಲಿ ಹಿಡಿದು ನೋಡಿದ್ದೇನೆ: ಏಳು ಉಬ್ಬು ನೆಟ್ಟಗಿದ್ದವು, ಎಂಟನೆಯದರ ನೆತ್ತಿ ಚಪ್ಪಟೆ, ಉಗುರು ಆಡಿಸಿದರೆ ತರಿತರಿ. ಅದರ ಟ್ಯಾಪೆಟ್ಟಿನ ತಳ ಕನ್ನಡಿಯಂತೆ ಇರಬೇಕಾದದ್ದು ಬಟ್ಟಲಿನಂತೆ ಗುಳಿಬಿದ್ದಿತ್ತು. ಸಂಪಿನ ತಳದ ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುವ ಕಬ್ಬಿಣದ ಪುಡಿ.

ಇಷ್ಟೆಲ್ಲ ಮಾಡಿ ಹಾಕಿದ ಕ್ಯಾಮು ನಮ್ಮ ಘಾಟಿಯ ದಾರಿಗೆ ಒಗ್ಗುತ್ತಿತ್ತೇ? ಒಗ್ಗುತ್ತಿರಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಕ್ರ್ಯಾಂಕು 250 ಡಿಗ್ರಿ ತಿರುಗುವಷ್ಟು ಹೊತ್ತು ವಾಲ್ವು ತೆರೆದಿರುವ, ಉಬ್ಬುಗಳ ನಡುವೆ 110 ಡಿಗ್ರಿ ಅಂತರವಿರುವ ಸಾಧು ಕ್ಯಾಮಿನಲ್ಲಿ ಒಳವಾಲ್ವು ಹೊರವಾಲ್ವು ಎರಡೂ ಒಟ್ಟಿಗೆ ತೆರೆದಿರುವುದು 30 ಡಿಗ್ರಿ. 300 ಡಿಗ್ರಿಯ, 105 ಅಂತರದ ರೇಸು ಕ್ಯಾಮಿನಲ್ಲಿ ಅದು 90 ಡಿಗ್ರಿ. ಎಂಜಿನ್ನು ಐದಾರು ಸಾವಿರ ಸುತ್ತು ತಿರುಗುವಾಗ ಈ 90 ಡಿಗ್ರಿ ವರವಾಗುತ್ತದೆ; ನುಗ್ಗಿ ಬರುವ ಗಾಳಿಯ ರಭಸಕ್ಕೆ ಸಿಲಿಂಡರು ಚೆನ್ನಾಗಿ ತುಂಬುತ್ತದೆ. ಸಾವಿರದೈನೂರು ಸುತ್ತಿನಲ್ಲಿ ಅದೇ ಶಾಪ. ಸುಟ್ಟ ಹೊಗೆ ಹಿಂದಕ್ಕೆ ನುಗ್ಗುತ್ತದೆ, ಒಳಗೆ ಬಂದ ಗಾಳಿ ವಾಪಸ್ಸು ಹೋಗುತ್ತದೆ, ಗಾಡಿ ಕೆಮ್ಮುತ್ತದೆ, ಐಡಲಿಂಗ್ ನಿಲ್ಲುವುದಿಲ್ಲ. ಚಾರ್ಮಾಡಿ ಹತ್ತುವವರು ತಿರುವಿನಲ್ಲಿ ಎರಡನೇ ಗೇರಿಗೆ ಇಳಿದು, ಎದುರಿನ ಲಾರಿಗೆ ದಾರಿ ಬಿಟ್ಟು, ಮತ್ತೆ ಎಳೆಸುವುದು ಈ ಸಾವಿರದೈನೂರರಿಂದ ಮೂರು ಸಾವಿರದೊಳಗೇ. ಜೊತೆಗೆ ಸಾವಿರ ಮೀಟರ್ ಆಸುಪಾಸಿನ ಎತ್ತರದ ಈ ಸೀಮೆಯಲ್ಲಿ ಗಾಳಿಯೇ ಹತ್ತರಲ್ಲಿ ಒಂದು ಪಾಲು ತೆಳು. ಇರುವ ಅಲ್ಪಸ್ವಲ್ಪ ಎಳೆತವನ್ನೂ ಕ್ಯಾಮು ಕಿತ್ತುಕೊಂಡರೆ ಉಳಿಯುವುದೇನು?

ಕೊಟ್ಟಿಗೆಹಾರದ ಮೇಸ್ತ್ರಿಯೊಬ್ಬರು ಇದನ್ನು ಡಿಗ್ರಿ ಲೆಕ್ಕ ಇಲ್ಲದೆಯೇ ಅರಿತಿದ್ದರು. ರೇಸು ಕ್ಯಾಮು ಹಾಕಿಸಿಕೊಡಿ ಎಂದು ಬಂದವರಿಗೆ, “ಗೌಡ್ರೇ, ನಿಮ್ಗೆ ಗಾಡಿ ಓಡ್ಬೇಕಾದ್ದು ಎಲ್ಲಿ ಹೇಳಿ? ಮದ್ರಾಸಲ್ಲೋ, ಘಾಟಿಲೋ? ಘಾಟಿಲಾದ್ರೆ ಹೆಡ್ ಬಿಚ್ಚಿ ವಾಲ್ವ್ ಕೂರಿಸ್ತೀನಿ, ಕ್ಯಾಮು ಹಂಗೇ ಇರ್ಲಿ” ಎನ್ನುತ್ತಿದ್ದರು. ಕೆಲವರಿಗೆ ಸಿಟ್ಟು ಬರುತ್ತಿತ್ತು. ಮೇಸ್ತ್ರಿಯ ಮಾತು ಅಕ್ಷರಶಃ ಸರಿ ಎಂದು ಈಗ ಡಯಲ್ ಗೇಜ್ ಹಿಡಿದು ಅಳೆದು ಹೇಳಬಲ್ಲೆ.

ಈಗ ಸಾಮಗ್ರಿಗೆ ಬರವಿಲ್ಲ. ಡಿಗ್ರಿ ಚಕ್ರವನ್ನು ಪ್ರಿಂಟ್ ಹಾಕಿಸಿ ಕ್ರ್ಯಾಂಕಿನ ತುದಿಗೆ ಅಂಟಿಸಬಹುದು. ಡಯಲ್ ಗೇಜ್ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಒಂದು ಮಧ್ಯಾಹ್ನ ಕೂತರೆ ಕ್ಯಾಮಿನ ಜಾತಕವನ್ನೆಲ್ಲ ಬರೆದುಕೊಳ್ಳಬಹುದು. ಹೊರದೇಶದ ತಯಾರಕರು ಲಿಫ್ಟು, ಡಿಗ್ರಿ, ಯಾವ ಸುತ್ತಿನಿಂದ ಯಾವ ಸುತ್ತಿನವರೆಗೆ ಕೆಲಸ ಮಾಡುತ್ತದೆ ಎಂಬುದನ್ನೆಲ್ಲ ಪಟ್ಟಿ ಮಾಡಿ ಕೊಡುತ್ತಾರೆ. ಇದು ಹಿಂದಿಗಿಂತ ನಿಸ್ಸಂಶಯವಾಗಿ ಒಳ್ಳೆಯ ಕಾಲ. ಆದರೂ ಹಳೆ ಗಾಡಿ ಎಬ್ಬಿಸಲು ಹೊರಟ ಇಂದಿನ ಹುಡುಗರು ಪಟ್ಟಿಯಲ್ಲಿ ಮೊದಲು ನೋಡುವುದು ಅಶ್ವಶಕ್ತಿಯ ಅಂಕಿಯನ್ನು. ಎಷ್ಟು ಸುತ್ತಿನಲ್ಲಿ ಎಂಬ ಪಕ್ಕದ ಕಾಲಮ್ಮನ್ನು ನೋಡಿದರೆ ಅರ್ಧ ದುಡ್ಡು ಉಳಿಯುತ್ತದೆ.

ಚಿಕ್ಕಮಗಳೂರಿನ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ನೋಡಿದವರಿಗೆ ಎಳೆತ ಎಷ್ಟು ಸುತ್ತಿನಲ್ಲಿ ಸಿಗುತ್ತದೆ ಎಂಬುದೇ ಮುಖ್ಯ ಎನ್ನುವುದು ಇನ್ನೂ ಸ್ಪಷ್ಟ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಇಲ್ಲಿಗೆ ಬಂದಾಗ ಗೌರವ್ ಗಿಲ್ ಗೆದ್ದದ್ದು ಟರ್ಬೊ ಇರುವ ಸ್ಕೋಡಾ ಫೇಬಿಯಾದಲ್ಲಿ. ಆ ಗಾಡಿಗೂ ಬೇಕಾದದ್ದು ತಿರುವಿನಿಂದ ಹೊರಬರುವಾಗಿನ ಎಳೆತವೇ. ಅದನ್ನು ಟರ್ಬೊ ಕೊಡುತ್ತದೆ. ಇವತ್ತಿನ ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ಕ್ಯಾಮು ತಾನೇ ಹಿಂದೆ ಮುಂದೆ ಸರಿದು ಕೆಳಗಿನ ಸುತ್ತಿನ ಎಳೆತ, ಮೇಲಿನ ಸುತ್ತಿನ ಶಕ್ತಿ ಎರಡನ್ನೂ ಕೊಡುತ್ತದೆ. ಫಿಯಟ್ಟಿಗೆ ಆ ಭಾಗ್ಯವಿಲ್ಲ. ಒಂದನ್ನು ಆರಿಸಲೇಬೇಕು.

ಒಂದು ವಿಷಯದಲ್ಲಿ ಮಾತ್ರ ಹಿಂದಿನವರೇ ಪುಣ್ಯವಂತರು, ಅದು ಆಯಿಲು. ಹಳೆಯ ಆಯಿಲಿನಲ್ಲಿದ್ದ ಸತು ಮತ್ತು ರಂಜಕದ ಸಂಯುಕ್ತ ಉಬ್ಬಿಗೂ ಟ್ಯಾಪೆಟ್ಟಿಗೂ ನಡುವೆ ರಕ್ಷಣೆಯ ಪದರ ಕಟ್ಟುತ್ತಿತ್ತು. ಹೊಗೆ ಶುದ್ಧಿ ಮಾಡುವ ಕನ್ವರ್ಟರನ್ನು ಅದು ಕೆಡಿಸುತ್ತದೆಂದು ಈಗಿನ ಪೆಟ್ರೋಲ್ ಕಾರಿನ ಆಯಿಲಿನಲ್ಲಿ ಅದನ್ನು ತಗ್ಗಿಸಿದ್ದಾರೆ. ಹೊಸ ಕಾರಿಗೆ ತಂದ ದುಬಾರಿ ಆಯಿಲನ್ನು ಪ್ರೀತಿಯಿಂದ ಪದ್ಮಿನಿಗೂ ಸುರಿದರೆ ಕ್ಯಾಮು ಸವೆಯುತ್ತದೆ. ಹಳೆ ಗಾಡಿಗೆಂದೇ ಮಾಡಿದ, ಸತು ಹೆಚ್ಚಿರುವ ಆಯಿಲು ಹಾಕಿ. ಹೊಸ ಕ್ಯಾಮು ಕೂರಿಸುವಾಗ ಉಬ್ಬುಗಳಿಗೆಲ್ಲ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ, ಟ್ಯಾಪೆಟ್ಟುಗಳನ್ನೂ ಹೊಸದಾಗಿಯೇ ಹಾಕಿ, ಮೊದಲ ಸಲ ಸ್ಟಾರ್ಟ್ ಆದೊಡನೆ ಎರಡು ಸಾವಿರ ಸುತ್ತಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಐಡಲಿಂಗಿಗೆ ಬಿಡಬೇಡಿ, ಕ್ಯಾಮು ಹಾಳಾಗುವುದಿದ್ದರೆ ಆ ಇಪ್ಪತ್ತು ನಿಮಿಷದಲ್ಲೇ ಹಾಳಾಗುತ್ತದೆ.

ನನ್ನನ್ನು ಕೇಳಿದರೆ, ಕೊಟ್ಟಿಗೆಹಾರದಲ್ಲಿ ಬಾಳುವ ಫಿಯಟ್ಟಿಗೆ 260 ಡಿಗ್ರಿಗಿಂತ ಹೆಚ್ಚಿನ ಕ್ಯಾಮು ಬೇಡ. ಅದಕ್ಕೂ ಮೊದಲು ವಾಲ್ವ್ ಸೀಟು, ಕಂಪ್ರೆಶನ್, ಚೈನಿನ ಸಡಿಲು ನೋಡಿಸಿ. ಅನೇಕರಿಗೆ ಅಷ್ಟರಲ್ಲೇ ಬೇಕಾದ ಪಿಕಪ್ ಸಿಕ್ಕಿಬಿಡುತ್ತದೆ. ಪದ್ಮಿನಿ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಒಮ್ಮೆಯೂ ತೇಯದ ಕಂಪನಿ ಕ್ಯಾಮುಗಳು ದಿನದಿನಕ್ಕೆ ಅಪರೂಪವಾಗುತ್ತಿವೆ, ಮುಂದೆ ಯಾರಾದರೂ ಸರಿಯಾದ ಆಕಾರಕ್ಕೆ ತೇಯಿಸಬೇಕೆಂದರೂ ಅವೇ ಬೇಕು. ನಿಮ್ಮ ಶೆಡ್ಡಿನ ಅಟ್ಟದಲ್ಲಿ ಅಂಥದ್ದೊಂದು ಬಿದ್ದಿದ್ದರೆ ಗುಜರಿಯವರಿಗೆ ಕೊಡಬೇಡಿ. ಗ್ರೀಸು ಬಳಿದು, ಕಾಗದ ಸುತ್ತಿ, ಬಾಗದಂತೆ ನೇರವಾಗಿ ತೂಗುಹಾಕಿ ಇಡಿ. ಬೇಕಾದವರು ಬಂದೇ ಬರುತ್ತಾರೆ.