ಬೈಗುಳದಂಗಿದ್ದ ಹಾಡುಗಳು

ಕುಣಿಗಲ್ ಕಡೆ ನಮ್ಮ ಕೇರಿಗೆ ಸಿದ್ಧಲಿಂಗಯ್ಯನೋರ ಹಾಡು ಬಂದಿದ್ದು ಪುಸ್ತಕದಲ್ಲಲ್ಲ, ನಮ್ಮಪ್ಪನ ಬಾಯಲ್ಲಿ. ತುಮಕೂರಲ್ಲಿ ದಲಿತ ಸಂಘರ್ಷ ಸಮಿತಿ ಸಭೆ ಮುಗಿಸ್ಕಂಡು ಬಂದ ದಿನ ಅಪ್ಪ ಉಂಡ ಕೈ ತೊಳಿಯೋಕೆ ಮುಂಚೆನೇ ಶುರು ಹಚ್ಕೊಳೋದು. ಅವ್ವ ಒಲೆ ಮುಂದಿಂದ್ಲೇ "ಇದೇನು ಹಾಡೋ ಜಗಳವೋ, ಹುಡುಗ್ರು ಕಲೀತವೆ ಸುಮ್ಕಿರಿ" ಅನ್ನೋಳು. ಅವ್ವನ ಮಾತು ಸುಳ್ಳೇನಲ್ಲ ಕಣ್ರೇ. ನಾವು ಮನೇಲಿ, ಹೊಲದಲ್ಲಿ, ನಲ್ಲಿ ಹತ್ರ ಆಡೋ ಮಾತೇ ಅದ್ರಲ್ಲಿತ್ತು. ಪದ್ಯ ಅಂದ್ರೆ ಇಸ್ಕೂಲಲ್ಲಿ ಕೈ ಕಟ್ಕಂಡು ನಿಂತು ಒಪ್ಪಿಸೋದು ಅಂತಿದ್ದ ನಮಗೆ, "ಲಾ" ಅನ್ನೋದೂ ಪದ್ಯದೊಳಕ್ಕೆ ಬತ್ತದೆ ಅಂತ ಗೊತ್ತಾಗಿದ್ದೇ ಆವಾಗ.

ಅವ್ರೇನು ದೂರದೋರಲ್ಲ. ನಮ್ಮ ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆ, ಹುಟ್ಟಿದ್ದು 1954ರಲ್ಲಿ. 'ಊರುಕೇರಿ' ಅಂತ ಅವರ ಆತ್ಮಕತೆ ಐತೆ. ಅದರಲ್ಲಿ ಒಂದು ನೋಟ ಬರುತ್ತೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಇನ್ನೊಬ್ಬ ಹಿಂದಿಂದ ಉಳ್ತಾ ಇರ್ತಾನೆ. ಎತ್ತಿನ ಜಾಗದಲ್ಲಿ ಇದ್ದ ಇಬ್ಬರಲ್ಲಿ ಒಬ್ರು ಇವರ ಅಪ್ಪ. ನಿಂತು ನೋಡ್ತಿರೋ ಮಗು ಇವರು. ಅದನ್ನ ಅಳ್ತಾ ಬರೆದಿಲ್ಲ, ಕಂಡಿದ್ದು ಕಂಡಂಗೆ ಹೇಳಿ ಮುಂದಕ್ಕೆ ಹೋಗ್ತಾರೆ. ಓದೋ ನಮಗೇ ಗಂಟ್ಲು ಕಟ್ಟೋದು. ಆಮೇಲೆ ಸಂಸಾರ ಬೆಂಗಳೂರಿನ ಶ್ರೀರಾಂಪುರ ಸೇರ್ತು, ಓದಿದ್ದು ಹಾಸ್ಟೆಲ್ಲಲ್ಲಿ. ಗದ್ದಲ ಇಲ್ಲದ ಜಾಗ ಅಂತ ಸ್ಮಶಾನದಲ್ಲಿ ಕೂತು ಓದ್ತಿದ್ದರಂತೆ. ನಮ್ಮ ಮಕ್ಕಳಿಗೆ ಕರೆಂಟ್ ಹೋದ್ರೆ ಓದೋಕಾಗಲ್ಲ, ಇರಲಿ ಬಿಡಿ.

ಈಗ ಇದೆಲ್ಲ ಯಾಕೆ ನೆನಪಾಯ್ತು ಅಂದ್ರೆ, ತುಮಕೂರಲ್ಲಿ ಡಿಗ್ರಿ ಓದೋ ನಮ್ಮ ತಂಗಿ ಮಗನಿಗೆ ರ‍್ಯಾಪ್ ಹುಚ್ಚು. ತಾಳಕ್ಕೆ ಸರಿಯಾಗಿ ಬಡಬಡ ಮಾತಾಡೋದು. "ದೊಡ್ಡಮ್ಮ, ಇದು ಅಮೆರಿಕದ ಕಪ್ಪು ಜನರ ಕೇರಿಲಿ ಹುಟ್ಟಿದ್ದು" ಅಂತ ಪಾಠ ಮಾಡ್ದ. ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನೋ ಕಡೆ, 1973ರ ಆಗಸ್ಟಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಸ್ಕೂಲ್ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ಕಾಸು ಮಾಡೋಣ ಅಂತ ತಾವಿದ್ದ ಕಟ್ಟಡದಲ್ಲೇ ಒಂದು ಪಾರ್ಟಿ ಇಟ್ಲಂತೆ. ಅವಳ ಅಣ್ಣ ಕೂಲ್ ಹರ್ಕ್ ರೆಕಾರ್ಡ್ ಹಾಕ್ದ. ಹಿಪ್-ಹಾಪ್ ಶುರುವಾಗಿದ್ದೇ ಅಲ್ಲಿಂದ ಅಂತಾರೆ. ಎಲ್ರೂ ಅಣ್ಣನ ಹೆಸರೇ ಹೇಳೋದು, ಬಟ್ಟೆ ಚಿಂತೆ ಮಾಡ್ದೋಳು ಮಾತ್ರ ತಂಗಿ!

1973 ಅಂದ ತಕ್ಷಣ ನನಗೆ ಬೂಸಾ ನೆನಪಾಯ್ತು. ಅದೇ ವರ್ಷ ನವೆಂಬರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನೋರು ಮೈಸೂರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಾಳಾ ಪಾಲು ಬೂಸಾ ಅಂದುಬಿಟ್ರು. ಹಸೀಗೆ ಕಲಸಿ ಇಡೋದು ಏನು ಅಂತ ನಿಮಗೆ ನಾನು ಹೇಳ್ಬೇಕಾ. ಊರೂರಲ್ಲಿ ಗಲಾಟೆ, ದಲಿತ ಹುಡುಗ್ರಿಗೆ ಏಟು, ಕೊನೆಗೆ ಅವರ ಮಂತ್ರಿಗಿರಿನೇ ಹೋಯ್ತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯ ಅವರ ಪರ ನಿಂತೋರಲ್ಲಿ ಒಬ್ರು. ಸುಮ್ನೆ ಜಗಳ ಆಡಿ ಕೂರ್ಲಿಲ್ಲ, ಬೂಸಾ ಅಲ್ಲದ್ದು ಯಾವುದು ಅಂತ ಬರೆದು ತೋರಿಸಿದ್ರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಪಿಚ್ಚಳ್ಳಿ ಶ್ರೀನಿವಾಸ್, ಜನ್ನಿ ಅಂಥೋರು ಊರೂರಲ್ಲಿ ಹಾಡಿದ್ರು. ಬರೆದೋರು ಯಾರು ಅಂತ ಗೊತ್ತಿಲ್ಲದೋರೂ ಹಾಡಿದ್ರು. ಸಾವಿಗೆ, ಹಬ್ಬಕ್ಕೆ ಊರೋರು ಕರೆದಾಗ ಹೋಗಿ ಬಡಿಬೇಕಾಗಿದ್ದ ತಮಟೇನ, ಜಾಥಾದಲ್ಲಿ ನಮ್ಮೋರು ನಮಗೋಸ್ಕರ ಬಡಿದ್ರು. ಅಪ್ಪ ಅದನ್ನೇ ಮತ್ತೆ ಮತ್ತೆ ಹೇಳೋದು.

ಆಮೇಲೆ ಅವರು ಎರಡು ಸಲ ವಿಧಾನ ಪರಿಷತ್ ಸದಸ್ಯರಾದ್ರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ಮೆತ್ತಗಾಗ್ಬಿಟ್ರು ಅಂತ ಬೈದೋರೂ ಉಂಟು. ನನಗೆ ಹಂಗನ್ಸಲ್ಲ. ಗ್ರಾಮದೇವತೆಗಳ ಮೇಲೆ ಪಿಎಚ್‌ಡಿ ಮಾಡಿದ ಮನುಷ್ಯ, ಊರಮ್ಮನ ಹಂಗೇ, ಸಿಟ್ಟೂ ಇತ್ತು ನಗುವೂ ಇತ್ತು. ಅವ್ವನಿಗೆ ಭಾರಿ ಇಷ್ಟವಾದ ಹಾಡು ಪುಟ್ಟಣ್ಣನೋರ 'ಧರಣಿ ಮಂಡಲ ಮಧ್ಯದೊಳಗೆ' ಸಿನಿಮಾದ್ದು, 1983ರದ್ದು. ಗೆಳತೀನ ಕರೆಯೋ ಹಾಡು. ಅದನ್ನ ಬರೆದೋರೂ ಇವರೇ ಅಂತ ಹೇಳಿದ್ರೆ ಅವ್ವ ಕೊನೆವರೆಗೂ ನಂಬಲಿಲ್ಲ. "ಆ ಬೈಯೋ ಅಯ್ಯನಾ? ಓಗೇ!" 2021ರ ಜೂನ್ 11ಕ್ಕೆ ಕೊರೋನಾದಲ್ಲಿ ಹೋಗ್ಬಿಟ್ರು.

ನಮ್ಮ ಹುಡುಗ ಬರೆದಿರೋದು ಅವರಮ್ಮನ ಮೇಲೆ. ಗಾರ್ಮೆಂಟ್ಸ್ ಬಸ್ಸಿಗೆ ಓಡೋದು, ಮಧ್ಯಾಹ್ನದ ತಣ್ಣನೆ ಡಬ್ಬಿ, ಎಲ್ಲ ನಮ್ಮೂರ ಮಾತಲ್ಲೇ. ತಮಿಳಿನ ಅರಿವು ತನ್ನ ಅಜ್ಜಿ ಕತೇನ ಹಾಡು ಮಾಡಿ ವಿಡಿಯೋದಲ್ಲೂ ಕೂರಿಸ್ಲಿಲ್ವಾ, ಹಂಗೆ ಅಂತಾನೆ. ನಮ್ಮ ತಂಗಿಗೆ ಇಷ್ಟ ಇಲ್ಲ. "ಕಾಲೇಜ್ ಸ್ಟೇಜ್ ಮೇಲೆ ಐತೆ, ಬತ್ತದೆ ಅಂದ್ರೆ ನಗಲ್ವೇನಕ್ಕ? ಯಾವ ಕೇರಿಯೋರು ಅಂತ ಗೊತ್ತಾಗಲ್ವಾ?" ಆ ಎರಡನೇ ಪ್ರಶ್ನೆನೇ ಅವಳ ನಿಜವಾದ ಭಯ. ಗುಬ್ಬಿಯಿಂದ ತುಮಕೂರಿಗೆ ಬಂದಾಗ ಎಷ್ಟು ಬಾಡಿಗೆ ಮನೆ ತಪ್ಪಿ ಹೋದ್ವು ಅಂತ ಅವಳಿಗೇ ಗೊತ್ತು. "ನಿಮ್ಮದು ಯಾವ ಕಡೆ?" ಅಂತ ಕೇಳಿದ ಮೇಲೆ ಓನರಮ್ಮಂದಿರ ಮುಖ ಹೆಂಗಾಗ್ತಿತ್ತು ಅಂತ ನಾನೂ ಜೊತೇಲಿದ್ದು ನೋಡಿದೀನಿ. ಅದ್ಕೇ ಅವಳು "ಇದೆ, ಬರುತ್ತೆ" ಅಂತ ಕಲ್ತಿದ್ದು. ಬುದ್ಧಿ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.

ಮೊನ್ನೆ ಭಾನುವಾರ ಅವರ ಮನೇಲಿ ಅವನು ಅದನ್ನ ಒಂದ್ಸಲ ಪೂರ್ತಿ ಹೇಳ್ದ. ತಂಗಿ ಅವರೆಕಾಳು ಬಿಡಿಸ್ತಾ ತಲೆ ಎತ್ಲೇ ಇಲ್ಲ. ಅವನು ಅಮ್ಮ ಐದಕ್ಕೆ ಏಳ್ತಾಳೆ ಅನ್ನೋ ಜಾಗಕ್ಕೆ ಬಂದ.

"ಐದಕ್ಕಲ್ಲ ಕಣ್ಲಾ" ಅಂದ್ಲು. "ನಾಕೂವರೆಗೆ."