ಸೇರು, ಅಚ್ಚೇರು, ಪಾವು, ಅರೆಪಾವು

ನಮ್ಮ ಅಜ್ಜಿಯ ಅಕ್ಕಿ ಡಬ್ಬದ ಮಗ್ಗುಲಲ್ಲಿ ನಾಲ್ಕು ಅಳತೆಗಳಿರುತ್ತಿದ್ದವು. ಅರೆಪಾವಿನ ಎರಡರಷ್ಟು ಪಾವು, ಪಾವಿನ ಎರಡರಷ್ಟು ಅಚ್ಚೇರು, ಅದರ ಎರಡರಷ್ಟು ಸೇರು. ಪಕ್ಕದ ಮನೆಯವರು ಕೈಗಡ ಕೇಳಲು ಬಂದರೆ ಅಜ್ಜಿ ಯಾವ ಅಳತೆಯನ್ನೂ ಎರಡು ಸಲ ತುಂಬುತ್ತಿರಲಿಲ್ಲ. ಒಂದೂವರೆ ಸೇರಿನ ಮೇಲೆ ಅರೆಪಾವು ಬೇಕೆ? ಒಂದು ಸೇರು, ಒಂದು ಅಚ್ಚೇರು, ಒಂದು ಅರೆಪಾವು. ಪಾವಿಗೆ ಕೆಲಸವಿಲ್ಲ. ಅಷ್ಟೂ ಸೇರಿ 13 ಅರೆಪಾವು. ತುಂಬಿದ್ದಕ್ಕೆ ಒಂದು, ಬಿಟ್ಟದ್ದಕ್ಕೆ ಸೊನ್ನೆ ಹಾಕಿದರೆ 1101. ದ್ವಿಮಾನ ಪದ್ಧತಿಯನ್ನು ಕಾಲೇಜಿನಲ್ಲಿ ಕಲಿತ ದಿನ ನನಗೆ ಕಂಡದ್ದು ಆ ಅಳತೆಗಳೇ.

ಅಂದಿನಿಂದ ಹತ್ತಿದ ರುಚಿ ಇನ್ನೂ ಬಿಟ್ಟಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಸಂಖ್ಯೆ ಹಿಡಿದು ಕೂರುತ್ತೇನೆ. ಮೂರರ ಲೆಕ್ಕದಲ್ಲಿ, ಐದರ ಲೆಕ್ಕದಲ್ಲಿ, ಹನ್ನೆರಡರ ಲೆಕ್ಕದಲ್ಲಿ ಬರೆದು ನೋಡುತ್ತೇನೆ. 13 ಮೂರರ ಲೆಕ್ಕದಲ್ಲಿ 111, ಹನ್ನೆರಡರಲ್ಲಿ 11. ಹೇಗೆ ಬರೆದರೂ ಅದು ಅವಿಭಾಜ್ಯವೇ. ಬರವಣಿಗೆ ಬದಲಾದರೆ ಆ ಗುಣ ಕದಲುವುದಿಲ್ಲ. ಆದರೆ ಹಿಂದೆ ಮುಂದೆ ಓದಿದರೂ ಒಂದೇ ಆಗಿರುವ ಚೆಲುವು ಮಾತ್ರ ಲೆಕ್ಕದಿಂದ ಲೆಕ್ಕಕ್ಕೆ ಬಂದು ಹೋಗುತ್ತದೆ.

ಪಿಂಗಳನ ಛಂದಃಶಾಸ್ತ್ರ ಓದುವಾಗ ಅಜ್ಜಿಯ ಅಳತೆಗಳು ಮತ್ತೆ ಎದುರಾದವು. ನಾಲ್ಕು ಅಕ್ಷರದ ಪ್ರಸ್ತಾರದಲ್ಲಿ, ಅಂದರೆ ಗುರು ಲಘುಗಳ ಎಲ್ಲ ಜೋಡಣೆಗಳ ಪಟ್ಟಿಯಲ್ಲಿ, 16 ಸಾಲು. ಇಂತಿಷ್ಟನೆಯ ಸಾಲು ಯಾವುದೆಂದು ಪ್ರಸ್ತಾರ ಬರೆಯದೆಯೇ ತಿಳಿಯುವುದಕ್ಕೆ 'ನಷ್ಟ' ಎಂಬ ಕ್ರಮವಿದೆ: ಸಮವಾದರೆ ಲಘು ಬರೆದು ಅರ್ಧ ಮಾಡು, ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. 14ನೆಯ ಸಾಲಿಗೆ ಮಾಡಿದೆ. 14 ಸಮ, ಲಘು. 7 ಬೆಸ, ಗುರು. 4 ಸಮ, ಲಘು. 2 ಸಮ, ಲಘು. ಅರೆಪಾವು ತುಂಬಿದೆ, ಪಾವು ಖಾಲಿ, ಅಚ್ಚೇರು ತುಂಬಿದೆ, ಸೇರು ತುಂಬಿದೆ! ಮೊದಲ ಸಾಲು ಎಲ್ಲ ಗುರು, ಅಂದರೆ ಎಲ್ಲವೂ ಖಾಲಿ. ಹಾಗಾಗಿ ನಮ್ಮ 13 ಅಲ್ಲಿ 14ನೆಯದು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನೊಂದು ಸಂಗತಿ ಪಾವಿನಿಂದಲೇ ಸಿಕ್ಕಿತು. ಸೇರಿಗೆ ನಾಲ್ಕು ಪಾವು. 13 ಪಾವೆಂದರೆ ಮೂರು ಸೇರು ಒಂದು ಪಾವು. ನಾಲ್ಕರ ಲೆಕ್ಕದಲ್ಲಿ 31. ಅಂಕಿಗಳು ಅದಲುಬದಲಾಗಿವೆ! ಹತ್ತಕ್ಕಿಂತ ಚಿಕ್ಕ ಲೆಕ್ಕಗಳಲ್ಲಿ ಹೀಗೆ ತಿರುಗಿ ನಿಲ್ಲುವ ಎರಡಂಕಿಯವು ಬೇರೆ ಯಾವುವು ಎಂದು ಹುಡುಕಿದೆ. ಏಳರ ಲೆಕ್ಕದಲ್ಲಿ 23 ಎಂಬುದು 32, 46 ಎಂಬುದು 64. ಈ ಮೂರೇ. ಹತ್ತರ ಸ್ಥಾನದ ಅಂಕಿಯ ಒಂಬತ್ತು ಪಟ್ಟು ಬಿಡಿ ಸ್ಥಾನದ ಅಂಕಿಯಿಂದ ಶೇಷವಿಲ್ಲದೆ ಭಾಗವಾಗಬೇಕು. ಭಾಗಲಬ್ಧಕ್ಕೆ ಒಂದು ಕೂಡಿಸಿದರೆ ಎಷ್ಟರ ಲೆಕ್ಕವೆಂದು ಸಿಗುತ್ತದೆ. 26ಕ್ಕೂ ಈ ಭಾಗಾಕಾರ ಸರಿಹೋಗುತ್ತದೆ, ನಾಲ್ಕೂ ಬರುತ್ತದೆ. ಆದರೆ ನಾಲ್ಕರ ಲೆಕ್ಕದಲ್ಲಿ ಆರೆಂಬ ಅಂಕಿಯೇ ಇಲ್ಲವಲ್ಲ. ಪಾಪ, ಹೊಸಿಲಿನವರೆಗೆ ಬಂದು ನಿಂತುಬಿಟ್ಟಿತು.

ಈಗ ಮೂರಂಕಿಯವುಗಳ ಸರದಿ. ಒಂಬತ್ತರ ಲೆಕ್ಕದಲ್ಲಿ 445 ಎಂಬುದು 544 ಆಗುತ್ತದೆಂದು ಕಂಡುಕೊಂಡಿದ್ದೇನೆ. ಎಂಟರ ಲೆಕ್ಕದ ಪುಟ ತೆರೆದಿಟ್ಟಿದೆ.