ರಂಟೆಗಿಲ್ಲದ ಅರಬ್ಬಿ

ಕೊಕ್ಕನೂರಿನ ಹೊಲಗದ್ದೆಗಳಲ್ಲಿ ಕೆಲಸ ನಡೆಯುವುದು ಕನ್ನಡದಲ್ಲೇ. ರಂಟೆ ಹೊಡೆಯುವುದು, ಹರಗುವುದು, ಎಡೆಕುಂಟೆ ಹಾಯಿಸುವುದು, ಬದು ಕಟ್ಟುವುದು. ಕೈಗೆ ಗುದ್ದಲಿ, ಸಲಿಕೆ, ಹಾರೆ. ಈಚೆಗೆ ರೂಟವೇಟರ್ ಸೇರಿಕೊಂಡಿದೆ, ಅಷ್ಟೆ. ಅದೇ ಮನುಷ್ಯ ಪಹಣಿ ಹಿಡಿದು ಹರಿಹರದ ಬಸ್ಸು ಹತ್ತಿದನೋ, ಬಾಯಿತುಂಬ ಅರಬ್ಬಿ. ತಾಲ್ಲೂಕು, ತಹಶೀಲ್ದಾರ, ಖರಾಬು, ವಾರಸುದಾರ, ವಸೂಲಿ, ಜಮಾಬಂದಿ. ಕೆಲವಕ್ಕೆ ಬಾಲ ಪಾರಸಿಯದು, ತಲೆ ಅರಬ್ಬಿಯದು. ತಕರಾರು ಎಂದರೆ ಮೂಲದಲ್ಲಿ ಮತ್ತೆ ಮತ್ತೆ ಹೇಳುವುದು. ಕಚೇರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅರಬ್ಬಿಯಲ್ಲಿ ಉಳುಮೆಯ ಮಾತಿಗೆ ಬರವೇನಿಲ್ಲ. ಉಳುವುದು ಹರ್ಥ್, ನೇಗಿಲು ಮಿಹ್ರಾಥ್, ಅಗೆಯುವುದು ಹಫ್ರ್. 12ನೇ ಶತಮಾನದ ಸ್ಪೇನಿನಲ್ಲಿ ಇಬ್ನ್ ಅಲ್ ಅವ್ವಾಮ್ ಬೇಸಾಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಅವು ಯಾವುವೂ ನಮ್ಮ ಹೊಲಕ್ಕೆ ಇಳಿಯಲಿಲ್ಲ. ಬಿಜಾಪುರದವರ, ಶಿರಾದ ಮೊಗಲರ, ಹೈದರ್-ಟಿಪ್ಪು ಕಾಲದ ಆಡಳಿತದ ಬೆನ್ನಿಗೆ ಪಾರಸಿಯ ಹೆಗಲೇರಿ ಇಲ್ಲಿಗೆ ಬಂದದ್ದು ಲೆಕ್ಕ ಬರೆಯುವವರ ಮಾತು. ಉಳುವವರು ಇಲ್ಲೇ ಇದ್ದರಲ್ಲ!

ಹೊಲಕ್ಕೆ ಬಂದದ್ದು ಫಸಲು. ಅದೂ ಕಂದಾಯದವನ ಕಣ್ಣು ಬೀಳುವ ಹೊತ್ತಿಗೆ: ಉತ್ತಾಗ ಕನ್ನಡ, ಕೊಯ್ದಾಗ ಅರಬ್ಬಿ.

ನನ್ನನ್ನು ಹೆಚ್ಚು ಕಾಡುವುದು 'ರೈತ'. ಅರಬ್ಬಿಯ ಮೂಲದಲ್ಲಿ ಅದು ಕುರುಬ ಮೇಯಿಸುವ ಹಿಂಡು. ಆಮೇಲೆ ದೊರೆಯ ಪ್ರಜೆ. ನಮ್ಮಲ್ಲಿಗೆ ಬರುವಾಗ ಕಂದಾಯ ಕಟ್ಟುವವನು. ಅರಬರು ಉಳುವವನನ್ನು ಕರೆಯುವುದು ಫಲ್ಲಾಹ್ ಎಂದು, ನೆಲ ಸೀಳುವವನು. ಮಲೇಬೆನ್ನೂರಿನ ಮಸೀದಿಯ ಆಜಾನಿನಲ್ಲಿ ದಿನಕ್ಕೆ ಐದು ಸಲ ಕೇಳುವ 'ಫಲಾಹ್', ಅಂದರೆ ಶ್ರೇಯಸ್ಸು, ಅದೇ ಧಾತುವಿನದು. ಆ ಗೌರವದ ಪದ ಬಿಟ್ಟು ಹಿಂಡಿನ ಪದ ನಮ್ಮ ಪಾಲಿಗೆ ಬಂತು. ಆದರೂ 1980ರಲ್ಲಿ ರಾಜ್ಯ ರೈತ ಸಂಘ ಹುಟ್ಟಿ, ಹೆಗಲಿಗೆ ಹಸಿರು ಶಾಲು ಬಂದ ಮೇಲೆ ಆ ಹಿಂಡೇ ಅಧಿಕಾರಿಯ ಜೀಪಿಗೆ ಅಡ್ಡ ನಿಲ್ಲತೊಡಗಿತು. ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ಹರಿಯದ ವರ್ಷ ರಸ್ತೆಗೆ ಬಂದು ಕೂರುವವರು ಕುರಿಗಳಂತೆ ಕಾಣುವುದಿಲ್ಲ.

ಕೃಷಿ ಇಲಾಖೆಯವರ ಖರೀಫ್ ಅರಬ್ಬಿಯಲ್ಲಿ ಶರದೃತು, ರಬಿ ವಸಂತ. ನಮ್ಮ ಖರೀಫೋ ಜೂನಿನ ಮಳೆಗೇ ಶುರು. ಅಚ್ಚುಕಟ್ಟಿನವರಿಗೆ ಇರುವುದು ಮಳೆಗಾಲದ ಭತ್ತ, ಬೇಸಿಗೆ ಭತ್ತ. ಒಮ್ಮೆ ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಹೋದೆ. ಅವರು ಪಂಚೆ ಎತ್ತಿ ಕಟ್ಟುತ್ತ, "ಖರೀಫೋ ಗಿರೀಫೋ, ಡ್ಯಾಮು ತುಂಬಾಕೆ ನೂರಾ ಎಂಬತ್ತಾರು ಅಡಿ ಬೇಕು. ಈಗ ಎಷ್ಟೈತಿ, ಅದನ್ನ ನೋಡಿ ಹೇಳು" ಅಂದರು.